ಮಲೆಪರೊಳ್ ಗಂಡ: ಹೊಯ್ಸಳ ಮನೆತನದ ಏಳ್ಗೆ ಮತ್ತು ಹಗೆತನ

ಹೊಯ್ಸಳರ ಶಾಸನಗಳನ್ನು ಓದುವವರಿಗೆ 'ಮಲೆಪರೊಳ್ ಗಂಡ' ಎಂಬ ಬಿರುದು ಮತ್ತೆ ಮತ್ತೆ ಎದುರಾಗುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಅದು ಅರಸನ ಅಂಕಿತದಂತೆಯೇ ನಿಂತಿದೆ. ಮಲೆಪರೆಂದರೆ ಮಲೆನಾಡಿನ ಪಾಳೆಯಗಾರರು, ಗುಡ್ಡಗಾಡಿನ ಒಡೆಯರು. ಅವರಲ್ಲಿ ಗಂಡನೆನಿಸಿದವನು ತಾನೆಂಬುದು ಈ ಬಿರುದಿನ ತಾತ್ಪರ್ಯ. ಕಾವೇರಿಯಿಂದ ಕೃಷ್ಣೆಯವರೆಗೆ ಆಳಿದ ಮೇಲೆ, ಚೋಳ ಪಾಂಡ್ಯರ ಜಗಳಗಳನ್ನು ತೀರಿಸುವ ಪದವಿಗೆ ಏರಿದ ಮೇಲೆ ಈ ಹಳ್ಳಿಗಾಡಿನ ಬಿರುದು ಅವರಿಗೆ ಏತಕ್ಕೆ ಬೇಕಾಗಿದ್ದಿತು? ಚಕ್ರವರ್ತಿಗೆ ಸಲ್ಲುವ ಬಿರುದುಗಳಿಗೆ ಅವರಲ್ಲಿ ಕೊರತೆ ಇರಲಿಲ್ಲ. ಹೀಗಿದ್ದೂ ಅದನ್ನು ಅವರು ಬಿಡಲಿಲ್ಲ. ಈ ಮನೆತನದ ಏಳು ಬೀಳುಗಳ ಗುಟ್ಟು ಆ ಬಿರುದಿನಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. ಸರಿಸಮಾನರಾದ ಹಲವು ಮನೆತನಗಳ ನಡುವೆ ಒಂದು ಮನೆತನ ತಲೆಯೆತ್ತಿ ನಿಂತಿತು. ಹಾಗೆ ನಿಲ್ಲುವುದಕ್ಕಾಗಿ ಅದು ಕೂಡಿಸಿಕೊಂಡ ನಿಷ್ಠೆಗಳು ಅದನ್ನು ಮೂರು ಶತಮಾನ ಹೊತ್ತು ನಡೆದುವು.

ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ಕುರಿತು ಬರೆದವರು ಬಹಳ ಮಂದಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಬರವಣಿಗೆ ಇನ್ನೂ ಹೆಚ್ಚಿದೆ. ಆ ಪಟ್ಟಿಯಲ್ಲಿ ಅರಸೀಕೆರೆ ಇಲ್ಲ. ಇಲ್ಲಿ ಶಿಲ್ಪವನ್ನು ಬದಿಗಿಟ್ಟು, ಶಾಸನಗಳಲ್ಲಿ ಕಾಣುವ ಮನುಷ್ಯರ ಕಡೆಗೆ ನೋಡೋಣ.

ಈ ಮನೆತನದ ಮೂಲನೆಲೆ ಸೊಸೆವೂರು, ಅಂದರೆ ಶಶಕಪುರ. ಅದು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರು. ಸಳನೆಂಬ ವೀರನು ಜೈನ ಮುನಿಯ ಅಪ್ಪಣೆಯಂತೆ ಹುಲಿಯನ್ನು ಹೊಡೆದ ಕಥೆಯನ್ನು ಶಾಲೆಗೆ ಹೋದ ಮಕ್ಕಳೆಲ್ಲ ಬಲ್ಲರು. ನಾನೂ ಎಷ್ಟೋ ವರ್ಷ ಆ ಪಾಠವನ್ನು ಹೇಳಿದವನೇ. ಆದರೆ ಈ ಕಥೆ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ವಿಷ್ಣುವರ್ಧನನ ಕಾಲಕ್ಕೆ, ಮನೆತನವು ದೊಡ್ಡದಾದ ಮೇಲೆ. ಚೋಳರ ಲಾಂಛನವೂ ಹುಲಿಯೇ ಆದುದರಿಂದ, ಚೋಳರ ಮೇಲಣ ಗೆಲವು ಕಥೆಯ ರೂಪ ತಾಳಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಹೆಸರುಳ್ಳ ಮನೆತನಕ್ಕೆ ಹೆಸರಿಗೆ ತಕ್ಕ ಹುಟ್ಟು ಬೇಕಾಗುತ್ತದೆ. ಯದುಕುಲದವರು, ದ್ವಾರಾವತೀಪುರದ ಅಧೀಶ್ವರರು ಎಂದು ಇವರು ಹೇಳಿಕೊಂಡದ್ದೂ ಇದೇ ಬಗೆಯದು. ತಮಾಷೆಯೆಂದರೆ, ಇವರ ಬದ್ಧವೈರಿಗಳಾದ ದೇವಗಿರಿಯ ಸೇವುಣರೂ ಅದೇ ದ್ವಾರಾವತಿಗೆ ತಾವೇ ಒಡೆಯರೆಂದು ಹೇಳಿಕೊಳ್ಳುತ್ತಿದ್ದರು.

ಕಥೆಯನ್ನು ಬಿಟ್ಟು ನೆಲದ ಮೇಲೆ ನಿಂತು ನೋಡಿದರೆ, ಹನ್ನೊಂದನೆಯ ಶತಮಾನದ ಮೊದಲಲ್ಲಿ ಹೊಯ್ಸಳರು ಮಲೆನಾಡಿನ ಹಲವು ಮನೆತನಗಳಲ್ಲಿ ಒಂದು, ಅಷ್ಟೆ. ತೆಂಕಣದಲ್ಲಿ, ಇಂದಿನ ಅರಕಲಗೂಡು ತಾಲ್ಲೂಕು ಮತ್ತು ಕೊಡಗಿನ ಉತ್ತರಭಾಗದಲ್ಲಿ ಕೊಂಗಾಳ್ವರಿದ್ದರು. ಪನಸೋಗೆಯ ಕಾಳಗದಲ್ಲಿ ತೋರಿದ ಶೌರ್ಯಕ್ಕಾಗಿ ಮನಿಜನೆಂಬವನಿಗೆ ಚೋಳ ರಾಜರಾಜನು ಮಾಳವ್ವಿಯನ್ನೂ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಎಂಬ ಪಟ್ಟವನ್ನೂ ಕೊಟ್ಟುದರಿಂದ ಹುಟ್ಟಿದ ಮನೆತನವದು. ಆ ಕಾಳಗದಲ್ಲಿ ಸೋತವರು ಚಂಗಾಳ್ವರು. ಅವರ ನಾಡು ಇಂದಿನ ಪಿರಿಯಾಪಟ್ಟಣ, ಹುಣಸೂರುಗಳ ಸೀಮೆ. ಬಡಗಣದಲ್ಲಿ ಪೊಂಬುರ್ಚದ ಸಾಂತರರು. ಇವರೆಲ್ಲರೂ ಹೊಯ್ಸಳರಿಗಿಂತ ಹಳಬರು ಇಲ್ಲವೆ ಹೆಚ್ಚು ಬಲವುಳ್ಳವರು. ಹೊಯ್ಸಳ ನೃಪಕಾಮನ ಕಾಲದಲ್ಲಿ ಕೊಂಗಾಳ್ವರು 'ಪೊಯ್ಸಳ'ನನ್ನು ಸೋಲಿಸಿದೆವೆಂದು ತಮ್ಮ ಶಾಸನಗಳಲ್ಲಿ ಬರೆಯಿಸಿಕೊಂಡಿದ್ದಾರೆ. ಮುಂದೆ ಗಂಗವಾಡಿಯನ್ನೆಲ್ಲ ಗೆಲ್ಲಲಿದ್ದ ಮನೆತನವು ಇತಿಹಾಸದ ಅಂಗಳಕ್ಕೆ ಬರುವುದು ಹೀಗೆ, ನೆರೆಯವನು ಸೋಲಿಸಿದ ಹಗೆಯಾಗಿ.

ನೃಪಕಾಮನ ಮಗ ವಿನಯಾದಿತ್ಯನಿಂದ ಮನೆತನದ ದೆಸೆ ತಿರುಗಿತು. ಕೊಂಗಾಳ್ವರು ಚೋಳರ ಕಡೆಗಿದ್ದುದರಿಂದ ಹೊಯ್ಸಳರಿಗೆ ಕಲ್ಯಾಣದ ಚಾಲುಕ್ಯರ ಆಸರೆ ಸಹಜವಾಗಿಯೇ ಒದಗಿತು. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ರಾಣಿಯರಲ್ಲಿ ಒಬ್ಬಳು ಹೊಯ್ಸಳದೇವಿ. ವಿನಯಾದಿತ್ಯನ ಗುರು ಶಾಂತಿದೇವ ಮುನಿ ತೀರಿಕೊಂಡದ್ದು ಅಂಗಡಿಯಲ್ಲಿ, ಕ್ರಿ.ಶ. 1062ರಲ್ಲಿ. ಅಲ್ಲಿಯವರೆಗೂ ಮನೆತನದ ಬೇರು ಮಲೆಯಲ್ಲಿಯೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಮಗ ಎರೆಯಂಗನು ಚಾಲುಕ್ಯರ ದಂಡಿನೊಡನೆ ಮಾಳವದವರೆಗೆ ಹೋಗಿ ಧಾರಾನಗರವನ್ನು ಸುಟ್ಟನೆಂದು ಶಾಸನಗಳು ಹೊಗಳುತ್ತವೆ. ದೊಡ್ಡವರ ಯುದ್ಧದಲ್ಲಿ ಬಲಗೈಯಾಗಿ ನಿಂತು ತನ್ನ ನೆರೆಯವರ ಎದುರಿಗೆ ಎತ್ತರವಾಗುವುದು ಸಾಮಂತ ಮನೆತನಗಳ ಹಳೆಯ ದಾರಿ.

ಆದರೆ ಹೊರಗಿನ ಆಸರೆಯೊಂದರಿಂದಲೇ ಮನೆತನ ನಿಲ್ಲುವುದಿಲ್ಲ. ಒಳಗಿನ ಬೆಸುಗೆಯೂ ಬೇಕು. ಇದಕ್ಕೆ ಚಿಕ್ಕಮಗಳೂರು ಸೀಮೆಯ ಸಿಂದಗೆರೆಯ ಪ್ರಸಂಗ ಒಳ್ಳೆಯ ನಿದರ್ಶನ. ವಿನಯಾದಿತ್ಯನ ರಾಣಿ ಕೆಳೆಯಬ್ಬರಸಿಯು ಮರಿಯಾನೆ ದಂಡನಾಯಕನಿಗೆ ಮದುವೆ ಮಾಡಿಸಿದಾಗ ಸಿಂದಗೆರೆಯ ಒಡೆತನವನ್ನು ಅವನಿಗೆ ಬಿಟ್ಟುಕೊಡಲಾಯಿತು. ಅದೇ ಮನೆತನದ ಎರಡನೆಯ ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು ಎರೆಯಂಗನ ಹಿರಿಯ ಮಗ ಒಂದನೆಯ ಬಲ್ಲಾಳನು ಕ್ರಿ.ಶ. 1103ರಲ್ಲಿ ಒಂದೇ ಮಂಟಪದಲ್ಲಿ ವರಿಸಿದನು. ಆ ಮಕ್ಕಳನ್ನು ಸಾಕಿದ ಮೊಲೆಹಾಲಿನ ಋಣಕ್ಕೆಂದು ಸಿಂದಗೆರೆಯನ್ನು ಮತ್ತೊಮ್ಮೆ ದತ್ತಿಯಾಗಿ ಕೊಟ್ಟನು. ವಿಷ್ಣುವರ್ಧನನ ಕಾಲದಲ್ಲಿಯೂ ಆ ಮನೆಯವರು ದಂಡನಾಯಕರಾಗಿಯೇ ಇದ್ದರು. ಸೇನೆ, ಸಂಬಂಧ, ಉಂಬಳಿ ಮೂರೂ ಒಂದೇ ಹಗ್ಗದ ಎಳೆಗಳಾಗಿ ಹೊಸೆದುಕೊಂಡಿರುವುದನ್ನು ಇಲ್ಲಿ ಕಾಣುತ್ತೇವೆ.

ಮದುವೆಯ ಮರುವರ್ಷವೇ, 1104ರಲ್ಲಿ, ಸಾಂತರ ಜಗದ್ದೇವನು ದೋರಸಮುದ್ರದ ಮೇಲೆ ಏರಿಬಂದನು. ಬಲ್ಲಾಳನೂ ತಮ್ಮ ಬಿಟ್ಟಿದೇವನೂ ಕೂಡಿ ಅವನನ್ನು ಹಿಮ್ಮೆಟ್ಟಿಸಿ, ಅವನ ಕಂಠಹಾರದ ನಡುವಣ ನಾಯಕಮಣಿಯನ್ನೇ ಕಿತ್ತುಕೊಂಡರೆಂದು ಶಾಸನಗಳು ಹೇಳುತ್ತವೆ. ಹೊಯ್ಸಳರ ನೆಲೆವೀಡು ಆ ವೇಳೆಗೆ ಮಲೆಯಿಂದ ಬೇಲೂರು, ದೋರಸಮುದ್ರಗಳ ಬಯಲಿಗೆ ಇಳಿದಿದ್ದಿತು. ದೋರಸಮುದ್ರವೇ ಇಂದಿನ ಹಳೇಬೀಡು. ಕೆರೆಯ ಹೆಸರೇ ಊರಿಗೆ ಬಂದುದು. ಪಾಳುಬಿದ್ದ ಮೇಲೆ ಉಳಿದದ್ದು 'ಹಳೆಯ ಬೀಡು' ಎಂಬ ನೆನಪು ಮಾತ್ರ.

ಬಿಟ್ಟಿದೇವ ವಿಷ್ಣುವರ್ಧನನ ಆಳ್ವಿಕೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. 1116ರಲ್ಲಿ ತಲಕಾಡನ್ನು ಚೋಳರಿಂದ ಗೆದ್ದುದು, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಗಮನಿಸಬೇಕಾದುದು ಅದರ ಮರುವರ್ಷದ ಘಟನೆ. ಚೋಳರನ್ನು ಗೆದ್ದ ಸಾಮಂತನು ಈಗ ತನ್ನ ಒಡೆಯನ ಕಣ್ಣಿಗೇ ಹಗೆಯಾದನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಪರವಾಗಿ ಹನ್ನೆರಡು ಮಂದಿ ಸಾಮಂತರ ದಂಡು ಕಣ್ಣೆಗಾಲದಲ್ಲಿ ಬೀಡುಬಿಟ್ಟಿರುವಾಗ ಸೇನಾಪತಿ ಗಂಗರಾಜನು ರಾತ್ರಿಯಲ್ಲಿ ಅದರ ಮೇಲೆ ಬಿದ್ದು ಚೆದುರಿಸಿ, ಸಾಮಗ್ರಿಯನ್ನೆಲ್ಲ ತಂದು ಅರಸನಿಗೊಪ್ಪಿಸಿದನು. ಬೇಕಾದುದನ್ನು ಕೇಳೆಂದಾಗ ಒಂದು ಗ್ರಾಮವನ್ನು ಬೇಡಿ, ಅದನ್ನು ತನ್ನ ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳಿಗೆ ಬಿಟ್ಟನು. ಗಂಗರಾಜನ ನೆನಪಿಗೆಂದು ಅವನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಪ್ರತಿಷ್ಠೆಯ ಪ್ರಸಾದ ಕೈಗೆ ಬಂದಾಗಲೇ ಗೆಲವಿನ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಬಂದುವೆಂದು ಅರಸನು ಹರ್ಷಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನಂತೆ.

ಕಣ್ಣೆಗಾಲದ ಗೆಲವು ಸ್ವಾತಂತ್ರ್ಯವನ್ನು ತಂದುಕೊಡಲಿಲ್ಲ. ಎಲಬುರ್ಗೆಯ ಸಿಂದ ಆಚುಗಿಯು ಚಕ್ರವರ್ತಿಯ ಪರವಾಗಿ ಹೊಯ್ಸಳನನ್ನು ಹಿಮ್ಮೆಟ್ಟಿಸಿದನು. 'ತಲಕಾಡುಗೊಂಡ', 'ನೊಳಂಬವಾಡಿಗೊಂಡ' ಎಂದು ಚಿನ್ನದ ನಾಣ್ಯಗಳನ್ನು ಟಂಕಿಸಿದ ವಿಷ್ಣುವರ್ಧನನು ಕೊನೆಯವರೆಗೂ ಮಹಾಮಂಡಲೇಶ್ವರನೆಂಬ ಸಾಮಂತ ಪದವಿಯಲ್ಲಿಯೇ ಉಳಿದನು.

ಮಗ ಒಂದನೆಯ ನರಸಿಂಹನು ತಂದೆಯ ಹೆಸರಿನ ಬಲದಿಂದ ಆಳಿದವನು. ಅವನ ಅಂತಃಪುರದಲ್ಲಿ 384 ಮಂದಿ ಸ್ತ್ರೀಯರಿದ್ದರೆಂದು ಶಾಸನವೊಂದು ಹೆಮ್ಮೆಯಿಂದಲೇ ಹೇಳುತ್ತದೆ! ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನು ಚಾಲುಕ್ಯರನ್ನು ಬದಿಗೊತ್ತಿ ಸಿಂಹಾಸನವೇರಿದ್ದು, ಬಸವಾದಿ ಶರಣರ ಅನುಭವಮಂಟಪ ಬೆಳಗಿದ್ದು, ಕಡೆಗೆ ಕಲ್ಯಾಣ ಕೆಟ್ಟು ಶರಣರು ಚೆದುರಿದ್ದು, ಇವೆಲ್ಲ ಈ ನರಸಿಂಹನ ಕಾಲದ ಸಂಗತಿಗಳು. ಬಡಗಣ ಕರ್ನಾಟಕ ಹೀಗೆ ತಲ್ಲಣಿಸುತ್ತಿರುವಾಗ ದೋರಸಮುದ್ರದ ಅರಸನಿಂದ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. ನಡೆದುದು ಮನೆಯೊಳಗಿನ ದಂಗೆ. ಮಗ ಬಲ್ಲಾಳನು ತಂದೆಯ ಮೇಲೆ ಮುನಿದು ರಾಜಧಾನಿಯನ್ನು ಬಿಟ್ಟುಹೋದನು.

ಅವನು ಹೋದದ್ದೆಲ್ಲಿಗೆ? ಮಲೆನಾಡಿಗೆ. ಮಲೆಪರ ನಡುವೆ ಸುತ್ತಾಡಿ, ಅವರ ಕೈ ಹಿಡಿದು, ಬಲ ಕೂಡಿಸಿಕೊಂಡು ಅಧಿಕಾರಕ್ಕೆ ಬಂದನು. 1173ರ ಜುಲೈ 22ರಂದು ಅವನ ಪಟ್ಟಾಭಿಷೇಕ ನಡೆಯಿತು. ಇಮ್ಮಡಿ ಬಲ್ಲಾಳನೆಂದು, ವೀರಬಲ್ಲಾಳನೆಂದು ನಾವು ಕರೆಯುವುದು ಇವನನ್ನೇ. ಮನೆತನದ ಮೊದಲ ಬಲ ಯಾವುದೆಂಬುದನ್ನು ತಂದೆ ಮರೆತಿದ್ದರೂ ಮಗ ಮರೆತಿರಲಿಲ್ಲ. ಆದರೆ ಮಲೆಪರ ಸ್ನೇಹ ಎರಡಲಗಿನ ಕತ್ತಿ. ಅರಸನಾದ ಮರುವರ್ಷವೇ, 1174ರಲ್ಲಿ, ಅವನು ದಂಡನಾಯಕ ಬೆಟ್ಟರಸನನ್ನು ಕೊಡಗಿನ ಪಾಲ್ಪರೆ ಕೋಟೆಗೆ ಕಳುಹಿಸಿ ಚಂಗಾಳ್ವ ಮಹಾದೇವನನ್ನು ಕೊಲ್ಲಿಸಬೇಕಾಯಿತು. ಕಾಳಗ ಅಲ್ಲಿಗೂ ಮುಗಿಯಲಿಲ್ಲ. ಪೆಮ್ಮವೀರಪ್ಪನೆಂಬ ಚಂಗಾಳ್ವನು ಎಲ್ಲ ನಾಡುಗಳ ಕೊಡಗರನ್ನು ಕೂಡಿಸಿಕೊಂಡು ಬೆಟ್ಟರಸನ ಮೇಲೆ ಏರಿಬಂದನು. ಬಹು ಕಷ್ಟದಿಂದ ಹೊಯ್ಸಳರು ಗೆದ್ದರು. ಸಮಾನರಲ್ಲಿ ಮೊದಲಿಗನಾಗಿರುವುದು ಬೇರೆ, ಸಮಾನರಿಗೆ ಒಡೆಯನಾಗುವುದು ಬೇರೆ. ಮೊದಲನೆಯದನ್ನು ಒಪ್ಪಿದ ಚಂಗಾಳ್ವರು ಎರಡನೆಯದನ್ನು ಒಪ್ಪಲಿಲ್ಲ.

ಮುಂದಿನ ಇಪ್ಪತ್ತು ವರ್ಷ ಬಲ್ಲಾಳನ ಕೈಹಿಡಿದುವು. 1177ರಲ್ಲಿ ಪಾಂಡ್ಯ ಕಾಮದೇವನಿಂದ ಉಚ್ಚಂಗಿಯ ಕೋಟೆ. 1179ರಲ್ಲಿ ಕಳಚುರಿ ಸಂಕಮನೊಡನೆ ಯುದ್ಧ. ಬಳಿಕ ಚಾಲುಕ್ಯರನ್ನು ಮತ್ತೆ ಪಟ್ಟಕ್ಕೆ ತಂದಿದ್ದ ಬ್ರಹ್ಮದಂಡನಾಯಕನ ಸೋಲು. ಸೊರಟೂರಿನಲ್ಲಿ ಸೇವುಣ ಭಿಲ್ಲಮನ ಸೋಲು. 1192ರ ವೇಳೆಗೆ ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟಿದ್ದ ಬಲ್ಲಾಳನು ಚಕ್ರವರ್ತಿ ಪದವಿಯನ್ನು ಧರಿಸಿದನು. ಕಲ್ಯಾಣದ ಕುಸಿತದಿಂದ ಬರಿದಾದ ಜಾಗವನ್ನು ಹೊಯ್ಸಳರೂ ಸೇವುಣರೂ ಹಂಚಿಕೊಂಡರೆಂದು ಸುಲಭವಾಗಿ ಹೇಳಬಹುದು. ಆದರೆ ಸೋತ ಮನೆತನಗಳ ಜನ ಏನಾದರು?

ಈ ಪ್ರಶ್ನೆಗೆ ಒಂದು ಉತ್ತರ ಅರಸೀಕೆರೆಯಲ್ಲಿದೆ. ಶಾಸನಗಳಲ್ಲಿ 'ಅರಸಿಯಕೆರೆ' ಎಂದು ಬರುವ ಈ ಊರು ಬಲ್ಲಾಳನ ಕಾಲದಲ್ಲಿ ವರ್ತಕರಿಂದಲೂ ದೇಗುಲಗಳಿಂದಲೂ ತುಂಬಿದ ಪಟ್ಟಣವಾಗಿದ್ದಿತು. ಬಲ್ಲಾಳಪುರವೆಂಬ ಹೆಸರೂ ಅದಕ್ಕಿದ್ದಿತು. ನಕ್ಷತ್ರಾಕಾರದ ತೆರೆದ ಮುಖಮಂಟಪವುಳ್ಳ ಇಲ್ಲಿಯ ಶಿವಾಲಯ ಸುಮಾರು 1220ರದು. ಅದೇ ವರ್ಷ ಅದೇ ಊರಿನಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದವನು ರೇಚರಸ. ಇವನು ಹೊಯ್ಸಳರ ಮನೆಯಲ್ಲಿ ಬೆಳೆದವನಲ್ಲ. ಕಳಚುರಿಗಳ ಮಂತ್ರಿ, ದಂಡನಾಯಕ, ನಾಗರಖಂಡವನ್ನು ಆಳಿದವನು. 'ವಸುಧೈಕಬಾಂಧವ'ನೆಂಬುದು ಅವನ ಬಿರುದು. ತನ್ನ ಒಡೆಯರ ಮನೆ ಮುಳುಗಿದ ಮೇಲೆ ಅವನು ಬಲ್ಲಾಳನ ಆಶ್ರಯಕ್ಕೆ ಬಂದನು. ಬಲ್ಲಾಳನು ಅವನ ಜಿನಾಲಯಕ್ಕೆ ಗ್ರಾಮವೊಂದನ್ನು ದತ್ತಿ ಬಿಟ್ಟನು. ಬಿಜ್ಜಳನ ವಂಶವನ್ನು ನಾವು ಸಾಮಾನ್ಯವಾಗಿ ಕಲ್ಯಾಣದ ಕಥೆಯೊಡನೆ ಮುಗಿಸಿಬಿಡುತ್ತೇವೆ. ಆ ವಂಶದ ಸೇವೆಯಲ್ಲಿ ನರೆತ ಒಬ್ಬ ಹಿರಿಯ ಅಧಿಕಾರಿ ತನ್ನ ಬಾಳಿನ ಕೊನೆಯ ಧರ್ಮಕಾರ್ಯವನ್ನು ಹಗೆಯಾಗಿದ್ದವರ ನಾಡಿನ ಅರಸೀಕೆರೆಯಲ್ಲಿ ನಡೆಸಿದನೆಂಬುದು ಹೊಯ್ಸಳರ ಜಾಣ್ಮೆಗೂ ಸಾಕ್ಷಿ, ಆ ಕಾಲದ ಅತಂತ್ರಕ್ಕೂ ಸಾಕ್ಷಿ.

ನರಸಿಂಹ ಬಲ್ಲಾಳನೆಂಬ ಅರಸನ ಆಸ್ಥಾನದಲ್ಲಿ ನಮ್ಮ ಪರಂಪರೆಯ ಇಬ್ಬರು ಇದ್ದರೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ: ಲೆಕ್ಕದ ಕರಣಿಕನಾಗಿದ್ದು ಹಂಪೆಗೆ ಹೋಗಿ ನೆಲಸಿದ ಹರಿಹರ, ಮಂತ್ರಿಯಾಗಿದ್ದು, ಬೇಲೂರಿನಲ್ಲಿ ಕೆರೆ ಕಟ್ಟಿಸಿ 'ಕೆರೆಯ ಪದ್ಮರಸ'ನೆನಿಸಿದ ದೀಕ್ಷಾಬೋಧೆಯ ಕರ್ತೃ. ಈ ನರಸಿಂಹನು ಬಲ್ಲಾಳನ ತಂದೆಯೋ ಮಗನೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾರೇ ಆಗಲಿ, ಕತ್ತಿ ಹಿಡಿದವರಂತೆಯೇ ಲೆಕ್ಕ ಬರೆದವರೂ ಕೆರೆ ಕಟ್ಟಿಸಿದವರೂ ಈ ಮನೆತನದ ಕಂಬಗಳಾಗಿದ್ದರು.

1220ರಲ್ಲಿ ಬಲ್ಲಾಳನು ತೀರಿಕೊಂಡನು. ಆಗ ನಡೆದುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಒಂದು ಕಂಬ ಹೇಳುತ್ತದೆ. ಶಿಲ್ಪ ನೋಡಲು ಬರುವವರು ಅದರ ಮುಂದೆ ನಿಲ್ಲುವುದು ಕಡಮೆ. ಬಲ್ಲಾಳನು ಮಗನಂತೆ ಸಾಕಿ ಬೆಳೆಸಿದ ಕುವರ ಲಕ್ಷ್ಮ ದಂಡನಾಯಕನ ವೀರಶಾಸನ ಅದು. ಅರಸನಿಗೆ ಅವನು 'ಗರುಡ'ನಾಗಿದ್ದನು, ಅಂದರೆ ಒಡೆಯನ ಸಾವಿನ ಬಳಿಕ ತಾನೂ ಬದುಕುವುದಿಲ್ಲವೆಂದು ಪಣತೊಟ್ಟವನು. ಆ ಪಣದ ಗುರುತಾಗಿ ಎಡಗಾಲಿಗೆ ತೊಡರನ್ನು ಕಟ್ಟಿದ್ದನು. ಅವನ ಹೆಂಡತಿ ಸುಗ್ಗಲದೇವಿಯೂ ಅವನಿಗೆ ಲೆಂಕರಾದ ಸಾವಿರ ಮಂದಿ ವೀರರೂ ಅದೇ ವ್ರತವನ್ನು ಹಿಡಿದಿದ್ದರು. ಬಲ್ಲಾಳನ ಮರಣದೊಡನೆ ಅವರು ಪ್ರಾಣತ್ಯಾಗ ಮಾಡಿದರು. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಆಕೃತಿಗಳು ಕಂಬದ ಮೇಲಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥ ಗರುಡಗಂಬಗಳೇ ಇವೆ. ಅಲ್ಲಿ ಒಂದೇ ಮನೆಯ ನಾಯಕರು ತಲೆಮಾರಿನಿಂದ ತಲೆಮಾರಿಗೆ ತಂತಮ್ಮ ಕಾಲದ ಹೊಯ್ಸಳ ಅರಸನೊಡನೆ ಮಡಿದರು.

ವಚನಗಳನ್ನು ಓದಿದವರಿಗೆ ಈ ಕಂಬದ ಭಾಷೆ ಹೊಸದಲ್ಲ. ಕೂಳಿಗಾಗಿ ದುಡಿಯುವ ಆಳು ಜೋಳವಾಳಿಯವನು; ವೇಳೆಗೆ, ಅಂದರೆ ಕೊಟ್ಟ ಮಾತಿನ ಗಳಿಗೆಗೆ, ಪ್ರಾಣ ಕೊಡುವವನು ವೇಳೆವಾಳಿಯವನು. ಈ ಎರಡು ಮಾತುಗಳನ್ನೂ ಬಸವಣ್ಣನವರು ಒಂದೇ ವಚನದಲ್ಲಿ ತಂದು, ಕೂಡಲಸಂಗಮದೇವನ ಮುಂದೆ ತಾವು ಎರಡನೆಯ ಬಗೆಯವರೆಂದು ಹೇಳಿಕೊಂಡಿದ್ದಾರೆ. ಆ ವಚನವನ್ನು ತರಗತಿಯಲ್ಲಿ ವಿವರಿಸುವಾಗ ಅದು ಬರಿಯ ರೂಪಕವೆಂಬಂತೆ ನಾವು ದಾಟಿಹೋಗುತ್ತೇವೆ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರ ಕಣ್ಣೆದುರಿಗೇ ಇಂಥ ಆಳುಗಳಿದ್ದರು. ಅವರಾಡಿದ ಮಾತಿಗೆ ರಕ್ತದ ಬೆಲೆಯಿದ್ದಿತು. ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯನು ಸಲ್ಲಿಸುತ್ತಿದ್ದ ಆ ನಿಷ್ಠೆಯನ್ನು ಬಸವಣ್ಣನವರು ಅರಸರಿಂದ ಕಿತ್ತು ಶಿವನಿಗೆ ಸಲ್ಲಿಸಿದರು. ಸಾವಿರ ಲೆಂಕರ ಸಾವನ್ನು ಶಾಸನಕವಿಯಂತೆ ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರ ಮನೆಗಳಲ್ಲಿ ಮಕ್ಕಳಿದ್ದರೋ ಇಲ್ಲವೋ ಕಂಬ ಹೇಳುವುದಿಲ್ಲ.

ಇಂಥ ನಿಷ್ಠೆಗೆ ಒಂದು ತೊಡಕಿತ್ತು. ಅದು ಒಬ್ಬ ಒಡೆಯನಿಗೆ ಸಲ್ಲುವಂಥದು. ಮನೆಯಲ್ಲಿ ಇಬ್ಬರು ಒಡೆಯರಾದರೆ? ಬಲ್ಲಾಳನ ಮಗ ಇಮ್ಮಡಿ ನರಸಿಂಹನು ಚೋಳ ರಾಜರಾಜನನ್ನು ಸೆರೆಯಿಂದ ಬಿಡಿಸಿ ಮತ್ತೆ ಪಟ್ಟಕ್ಕೇರಿಸಿದನು. ಮೊಮ್ಮಗ ಸೋಮೇಶ್ವರನು ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ನೆಲೆಸಿದನು. ಅವನ ಕೊನೆಗಾಲದಲ್ಲಿ, 1254ರ ಹೊತ್ತಿಗೆ, ರಾಜ್ಯ ಎರಡು ಪಾಲಾಯಿತು: ದೋರಸಮುದ್ರ ಮುಮ್ಮಡಿ ನರಸಿಂಹನಿಗೆ, ತಮಿಳುನಾಡಿನ ಭಾಗ ರಾಮನಾಥನಿಗೆ. ಹಗೆಗಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಕ್ಕೀತು? 1276ರಲ್ಲಿ ಸೇವುಣ ದಂಡನಾಯಕ ಸಾಳುವ ತಿಕ್ಕಮನು ಹಳೇಬೀಡಿಗೆ ಹತ್ತಿರದ ಬೆಳವಾಡಿಯವರೆಗೂ ಬಂದುಬಿಟ್ಟನು. ಹೊಯ್ಸಳರು ಅವನನ್ನು ದುಮ್ಮಿಯವರೆಗೆ ಅಟ್ಟಿಹಾಕಿದರು. ಅತ್ತ ಪಾಂಡ್ಯರು ಕಣ್ಣನೂರನ್ನು ಕಸಿದುಕೊಂಡ ಮೇಲೆ ರಾಮನಾಥನು ಕುಂದಾಣಿಗೆ ಬಂದು, ಅಣ್ಣನ ನಾಡಿನ ಮೇಲೆಯೇ ಬಿದ್ದನು. ಈ ಅಣ್ಣತಮ್ಮಂದಿರ ಕಾಳಗದಲ್ಲಿ ಎರಡೂ ಕಡೆಯಲ್ಲಿ ಸತ್ತವರು ಹೊಯ್ಸಳರ ಆಳುಗಳೇ. ಎರಡೂ ಕಡೆಯವರಿಗೆ ಎತ್ತಿದ ವೀರಗಲ್ಲುಗಳಲ್ಲಿ ಒಡೆಯನ ವಂಶ ಒಂದೇ.

1292ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಬಲ್ಲಾಳನು ರಾಮನಾಥನೂ ಅವನ ಮಗನೂ ತೀರಿದ ಮೇಲೆ ಎರಡು ಪಾಲನ್ನು ಒಂದುಗೂಡಿಸಿದನು. ಅಷ್ಟರಲ್ಲಿ ಕಾಲ ಮೀರಿದ್ದಿತು. 1311ರಲ್ಲಿ ಮಲಿಕ್ ಕಾಫೂರನು ದೋರಸಮುದ್ರಕ್ಕೆ ಬಂದಾಗ ಅರಸನು ಊರಿನಲ್ಲಿರಲಿಲ್ಲ. ಪಾಂಡ್ಯ ಸೋದರರ ಜಗಳದಿಂದ ಲಾಭ ಪಡೆಯಲೆಂದು ತೆಂಕಣಕ್ಕೆ ಹೋಗಿದ್ದನು. ತನ್ನ ಮನೆಯ ಸೋದರರ ಜಗಳದ ಬೆಲೆಯನ್ನು ಬಲ್ಲವನೇ ಪರರ ಮನೆಯ ಜಗಳಕ್ಕೆ ಕೈಹಾಕಿದ್ದನು. ದಿಲ್ಲಿಗೆ ಒತ್ತೆಯಾಗಿ ಹೋದ ಮಗನು 1313ರಲ್ಲಿ ಹಿಂದಿರುಗಿದಾಗ ನಾಡು ಹಬ್ಬ ಮಾಡಿತು. ಮುದಿಯ ಬಲ್ಲಾಳನು 1342ರ ಸುಮಾರಿಗೆ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಹತನಾದುದನ್ನೂ, ಅವನ ಚರ್ಮವನ್ನು ಕೋಟೆಯ ಗೋಡೆಗೆ ತೂಗಹಾಕಿದ್ದುದನ್ನೂ ಪ್ರವಾಸಿ ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಕೊನೆಯ ಅರಸ ವಿರೂಪಾಕ್ಷ ಬಲ್ಲಾಳನ ಹೆಸರು 1346ರ ವೇಳೆಗೆ ಮರೆಯಾಗುತ್ತದೆ.

ಹಳೆಯ ಹಗೆಗಳ ಗತಿಯೇನಾಯಿತು? ಕೊಂಗಾಳ್ವರು ಹೊಯ್ಸಳರ ಕಾಲದಲ್ಲಿಯೇ ಅಳಿದರು. ಸಾಂತರರ ಸಂತತಿಯವರು ಘಟ್ಟದ ಕಡೆಗೆ ಸರಿದು, ಕಳಸ ಕಾರ್ಕಳಗಳ ಒಡೆಯರಾಗಿ, 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದರು. ಚಂಗಾಳ್ವರು, ಪಾಲ್ಪರೆಯಲ್ಲಿ ಅರಸನನ್ನು ಕಳೆದುಕೊಂಡ ಆ ಮನೆತನದವರು, ಹೊಯ್ಸಳರು ಇಲ್ಲವಾದ ಮೇಲೆಯೂ ಮೂರು ಶತಮಾನ ಆಳಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಸೈನ್ಯ ಪಿರಿಯಾಪಟ್ಟಣವನ್ನು ಹಿಡಿಯುವವರೆಗೂ ಅವರಿದ್ದರು. ಆ ಹೊತ್ತಿಗೆ ಅವರು ವೀರಶೈವರಾಗಿದ್ದರು. ಬೆಟ್ಟದಪುರದ ಗುಡ್ಡದ ಮೇಲಿನ ಅನ್ನದಾನಿ ಮಲ್ಲಿಕಾರ್ಜುನ ಅವರ ಮನೆದೇವರು.